ಅಟ್ಟಕ್ಕೆ ಹಾಕಿದ ಬಿಲ್ಲು

ಚಲುವಯ್ಯ ನಮ್ಮ ಕೇರಿಯವನು. ದಂಡಿಗನಹಳ್ಳಿ ಕಡೆಯ ನಮ್ಮ ಊರಿನಲ್ಲಿ, ನಮ್ಮ ಜನದಲ್ಲಿ, ಕಂಟ್ರಾಕ್ಟುದಾರ ಅನ್ನಿಸಿಕೊಂಡ ಮೊದಲನೆಯವನು ಅವನೇ, ಕಡೆಯವನೂ ಅವನೇ. ಅವನನ್ನು ಮುಗಿಸಿದವರು ಈಗಲೂ ಚನ್ನರಾಯಪಟ್ಟಣದಲ್ಲಿ ಬಿಳಿ ಪಂಚೆ ಉಟ್ಟು, ಎಲೆ ಅಡಿಕೆ ಜಗಿಯುತ್ತಾ ಕೂತಿದ್ದಾರೆ. ಕೂತಿರಲಿ. ನಾನು ಬರೆಯುವುದನ್ನು ಯಾರು ತಡೆಯುತ್ತಾರೋ ನೋಡುತ್ತೇನೆ.

ಹೊಳೆನರಸೀಪುರ, ಅರಕಲಗೂಡು ಕಡೆ ಕರೆಂಟು ಲೈನು ಎಳೆಯುತ್ತಿದ್ದ ಕಾಲ. ಚಲುವಯ್ಯ ಬೇರೆಯವರ ಕೈಕೆಳಗೆ ಕಂಬದ ಗುಂಡಿ ತೋಡಿದ. ಹೆಂಡತಿ ಮಲ್ಲಿಗಮ್ಮ ಮಣ್ಣು ಹೊತ್ತಳು. ಐದಾರು ವರ್ಷ ಹೀಗೆ ಸವೆದ ಮೇಲೆ, ಅರವತ್ತನೇ ಇಸವಿಯ ಸುಮಾರಿಗೆ ಅವನ ಹೆಸರಿಗೇ ತುಂಡು ಗುತ್ತಿಗೆ ಕೆಲಸ ಸಿಕ್ಕಿತು. ಕಾಗದಕ್ಕೆ ಸೈ ಬೇಕು ಅಂದರು. ಮೇಷ್ಟರ ಮನೆಯ ಜಗಲಿಯ ಕೆಳಗೆ ನೆಲದ ಮೇಲೆ ಕೂತು, ಮರಳಿನಲ್ಲಿ ಬೆರಳು ಸವೆಸಿ, ತನ್ನ ಹೆಸರು ಬರೆಯುವುದನ್ನು ಕಲಿತ. ಕಲಿತದ್ದು ಅಷ್ಟೇ ಅಕ್ಷರ. ಆದರೆ ಆ ಅಕ್ಷರಕ್ಕಾಗಿ ಒಂದು ಬಿಳಿ ಅಂಗಿ ಹೊಲಿಸಿದ.

ಕಂಬ, ತಂತಿ ಇಲಾಖೆಯದು. ಗುಂಡಿ ತೋಡಿ, ಕಂಬ ನಿಲ್ಲಿಸಿ, ತಂತಿ ಎಳೆಯುವುದು ಇವನದು. ಓವರ್‌ಸಿಯರ್ ಪಾಲಾಕ್ಷ ಬಂದು ಅಳತೆ ಬರೆದರೆ ಬಿಲ್ಲು ಹಾಸನಕ್ಕೆ ಹೋಗುತ್ತಿತ್ತು. ದುಡ್ಡು ಬರಲು ನಾಲ್ಕು ತಿಂಗಳು. ಸಂತೆ ದಿನಕ್ಕೆ ಕೂಲಿ ಬೇಕೆಂದು ನಿಲ್ಲುವ ಹೊಟ್ಟೆಗಳಿಗೆ ನಾಲ್ಕು ತಿಂಗಳ ಲೆಕ್ಕ ಗೊತ್ತಾಗುತ್ತದೆಯೇ? ಆಗ ಅವನು ಹಿಡಿದ ದಾರಿ ಚನ್ನರಾಯಪಟ್ಟಣದ ಗಂಗಾಧರಯ್ಯನ ಕೊಬ್ಬರಿ ಮಂಡಿಯದು.

ನಮ್ಮ ಸೀಮೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗಲಿ ಎಂದು ವರ್ಷ ಕಾಯುತ್ತಾರೆ. ಕಾಯಲಾಗದವನು ಮಂಡಿಯವನನ್ನು ಕರೆಯುತ್ತಾನೆ. ಅವನು ಕಾಯಿ ಎಣಿಸಿ, ಅಟ್ಟಕ್ಕೆ ತನ್ನ ಬೀಗ ಜಡಿದು, ನೂರಕ್ಕೆ ಎಂಬತ್ತು ಮುಂಗಡ ಕೊಡುತ್ತಾನೆ. ಕಾಯಿ ಒಡೆದ ದಿನ ಬಡ್ಡಿ ಮುರಿದುಕೊಂಡು ಮಿಕ್ಕದ್ದು ಕೊಡುತ್ತಾನೆ. ಕೊಳೆತ ಕಾಯಿಯಿದ್ದರೆ ಆ ನಷ್ಟ ಬೆಳೆದವನ ತಲೆಗೆ. ಗಂಗಾಧರಯ್ಯ ಇದೇ ಪದ್ಧತಿಯನ್ನು ಬಿಲ್ಲಿಗೂ ಹಾಕಿದ. ಹಾಸನದಲ್ಲಿ ದುಡ್ಡು ಇಸಿದುಕೊಳ್ಳುವ ಹಕ್ಕು ತನಗೆ ಎಂದು ಸೈ ಮಾಡಿಸಿಕೊಂಡು, ಎಂಬತ್ತು ಎಣಿಸಿ ಕೊಟ್ಟ.

“ಕೊಬ್ಬರಿ ತರೋರ್ಗಿಂತ ನೀನೇ ವಾಸಿ ಕಣ್ಲಾ ಚಲುವ,” ಎಂದು ನಗುತ್ತಿದ್ದ. “ಕಾಗದ ಕೊಳೆಯಾಕಿಲ್ಲ.”

“ನಿಮ್ಮ ಪಾದ ಬುದ್ದಿ,” ಎಂದು ಇವನು ಮಂಡಿಯ ಹೊಸ್ತಿಲಾಚೆ ನಿಂತು ಕೈ ಮುಗಿಯುತ್ತಿದ್ದ. ಬಿಳಿ ಅಂಗಿ ಹಾಕಿಕೊಂಡೇ.

ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ನಮ್ಮ ಊರಿನ ಕೆಲಸವೇ ಅವನಿಗೆ ಬಂತು. ನಕಾಶೆಯಲ್ಲಿ ನಮ್ಮ ಕೇರಿಗೂ ಮೂರು ಕಂಬ! ಚಲುವಯ್ಯ ಎಲ್ಲಕ್ಕಿಂತ ಮೊದಲು ಕೇರಿಯಲ್ಲೇ ಮೂರು ಗುಂಡಿ ತೋಡಿದ. ಮಲ್ಲಿಗಮ್ಮ ಪಟ್ಟಣಕ್ಕೆ ಹೋಗಿ ಒಂದು ಬಲ್ಬು ಕೊಂಡು ತಂದು ತೊಲೆಗೆ ನೇತುಹಾಕಿದಳು. ಕೇರಿಯ ಹೆಂಗಸರು ನಕ್ಕರು.

“ಹೆರಾಕ್ ಮುಂಚೇನೇ ತೊಟ್ಲು ಕಟ್ಬುಟ್ಟವ್ಳೆ!”

“ಉರೀತದೆ ಕಣ್ರವ್ವಾ. ಉರಿದ್‌ದಿನ ನಿಮ್ ಮಖ ತೊಳ್ಕಂಡ್ ಬನ್ನಿ, ಎಲ್ಲಾ ಕಾಣ್ತದೆ,” ಅಂದಳು ಮಲ್ಲಿಗಮ್ಮ.

ಊರೊಳಗಿನ ಲೈನು ಮುಗಿಯಿತು. ಕೇರಿಯ ಮೂರು ಕಂಬ ಇನ್ನೂ ಊರ ಮುಂದೆ ಮಲಗಿದ್ದವು. ಅಷ್ಟರಲ್ಲಿ ಕೇರಿಯ ನಾವೇ ಇದ್ದ ಗ್ಯಾಂಗಿಗೆ ಕೂಲಿ ನಿಂತು ಮೂರು ಸಂತೆ ಕಳೆದಿದ್ದವು. ಚಲುವಯ್ಯ ಮಂಡಿಗೆ ಓಡಿದ.

“ಆ ಮೂರನ್ನೂ ನೆಟ್ಟಾಯ್ತು ಅಂತ ಬರ್ಸ್ಬುಡ್ಲಾ,” ಅಂದ ಗಂಗಾಧರಯ್ಯ. “ನೀರು ಅಲ್ಲಾಡೋ ಕಾಯಿನೂ ನಾವು ಕೊಬ್ಬರಿ ಅಂತ್ಲೇ ಎಣ್ಸಾಕಿಲ್ವಾ? ಒಡೆಯೋ ಹೊತ್ಗೆ ಒಣಗಿರ್ತದೆ.”

ಬೇರೆ ಸೀಮೆಯವನಾಗಿದ್ದರೆ ಹೆದರುತ್ತಿದ್ದನೇನೋ. ಅಟ್ಟದ ಲೆಕ್ಕದಲ್ಲೇ ಹುಟ್ಟಿ ಬೆಳೆದ ಚಲುವಯ್ಯನಿಗೆ ಅದು ಸುಳ್ಳು ಅಂತಲೇ ಅನ್ನಿಸಲಿಲ್ಲ. ಪಾಲಾಕ್ಷ ಒಂದು ಗೊನೆ ಎಳನೀರು ತೆಗೆದುಕೊಂಡು ಅಳತೆ ಬರೆದ. ಬಿಲ್ಲು ಮಂಡಿಗೆ ಹೋಯಿತು, ದುಡ್ಡು ಗ್ಯಾಂಗಿಗೆ ಬಂತು, ಒಂದಿಷ್ಟು ಕೂಲಿ ಬಾಕಿ ಉಳಿಯಿತು. ಇವನು ಸೈ ಹಾಕಿದ.

ಮಾರನೆಯ ವಾರ ಮೇಲಿನ ಬೀದಿಯ ನಂಜಪ್ಪ ಗಾಡಿ ಕಟ್ಟಿಸಿ, ಆ ಮೂರು ಕಂಬಗಳನ್ನು ತನ್ನ ತೋಟದ ಪಂಪ್‌ಸೆಟ್ಟಿಗೆ ಸಾಗಿಸಿದ. ಪಾಲಾಕ್ಷನೇ ಮುಂದೆ ನಿಂತು ಏರಿಸಿಕೊಟ್ಟ. ಚಲುವಯ್ಯ ಗಾಡಿಗೆ ಅಡ್ಡ ನಿಂತ.

“ಬುದ್ದಿ, ಅವು ಕೇರಿ ಕಂಬ. ಬಿಲ್ಲಾಗೋಗೈತೆ.”

“ಸರ್ಕಾರದ ಕಂಬ ಕಣ್ಲಾ, ನಿಮ್ಮಪ್ಪ ನೆಟ್ಟ ಮರ ಅಲ್ಲ. ನಿಮ್ಗೆ ಕರೆಂಟ್ ಬಂದ್ರೆ ಏನ್ಲಾ ನೋಡ್ತೀರಿ, ಒಲೆ ಬೂದಿನಾ? ದಾರಿ ಬಿಡು, ಎತ್ತು ಬೆದರ್ತವೆ,” ಅಂದ ನಂಜಪ್ಪ.

ದಾರಿ ಬಿಟ್ಟ. ನಾವೂ ಬಿಟ್ಟೆವು. ಹಾರೆ ಕೈಯಲ್ಲಿತ್ತು, ಕೈ ಏಳಲಿಲ್ಲ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ತಿಂಗಳು ಕಳೆಯಿತು. ಹಾಸನದಿಂದ ಸಾಹೇಬರು ಕಂಬ ಎಣಿಸಲು ಬರುತ್ತಾರೆಂದು ಸುದ್ದಿ ಬಂತು. ಬಿಲ್ಲು ಅಲ್ಲೇ ನಿಂತಿತು. ಗಂಗಾಧರಯ್ಯ ಚಲುವಯ್ಯನನ್ನು ಕರೆಸಿದ. ಪಾಲಾಕ್ಷ ಒಳಗೆ ಕುರ್ಚಿಯ ಮೇಲೆ ಕಾಫಿ ಕುಡಿಯುತ್ತಿದ್ದ.

“ನಿನ್ನ ಅಟ್ಟದಾಗೆ ಮೂರು ಕಾಯಿ ಕೊಳೆತವೆ ಕಣ್ಲಾ. ನನ್ನ ಎಂಬತ್ತು ಬಡ್ಡಿ ಸಮೇತ ಮಡಗು.”

“ಎಲ್ಲೈತೆ ಬುದ್ದಿ? ಕೂಲಿಗೋಯ್ತು. ನೀವೇ ಅಲ್ವಾ ಬರ್ಸು ಅಂದಿದ್ದು?”

“ಸೈ ಯಾರ್ದು? ನಂದಾ?” ಗಂಗಾಧರಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ. “ಕಳ್ಳ ಬಿಲ್ಲು ಅಂದ್ರೆ ಜೈಲು. ಆದ್ರೂ ನೀನು ನಮ್ಮೋನು. ಪಾಲಾಕ್ಷಪ್ಪೋರು ಒಂದು ದಾರಿ ಹುಡುಕವ್ರೆ.”

ಪಾಲಾಕ್ಷ ಲೋಟ ಕೆಳಗಿಟ್ಟ. “ಕೇರಿಯವರೇ ನಮಗೆ ಕರೆಂಟ್ ಬೇಡ ಅಂತ ಹೆಬ್ಬೆಟ್ಟು ಒತ್ತಿ ಕೊಡಲಿ. ಆಗ ಕಂಬ ಪಂಪ್‌ಸೆಟ್ಟಿಗೆ ಹೋದದ್ದು ಸರಿಯಾಯ್ತು, ಲೆಕ್ಕ ಕೂಡ್ತು, ಬಿಲ್ಲು ಪಾಸಾಯ್ತು. ಮನೆಗೊಂದು ಹೆಬ್ಬೆಟ್ಟು. ಕಂಟ್ರಾಕ್ಟುದಾರನೇ ಒತ್ತೋ ಹಾಗಿಲ್ಲ, ಅವನ ಮನೆಯಿಂದ ಹೆಂಗಸು ಒತ್ತಬೇಕು.”

ಆ ಕಾಗದ ಹಿಡಿದು ಚಲುವಯ್ಯ ಮನೆಮನೆ ತಿರುಗಿದ. ಬಿಳಿ ಅಂಗಿ, ಒಂದು ಕೈಯಲ್ಲಿ ಮಸಿಯ ಬಟ್ಟೆ. ಜನ ಬೈದರು, ಉಗಿದರು, ಒತ್ತಿದರು. ಅವನು ಜೈಲಿಗೆ ಹೋದರೆ ಬಾಕಿ ಕೂಲಿಯೂ ಹೋಗುತ್ತದೆ ಅಂತ ಗೊತ್ತಿತ್ತು. ಮುದುಕಿ ಬಸವಲಿಂಗಮ್ಮ ಒತ್ತುವಾಗ ಕೇಳಿದಳು: “ಇದು ಕರೆಂಟ್ ಬೇಕು ಅನ್ನೋದ್ಕಾ ಮಗಾ?”

ಅವನು ಹೂಂ ಅಂದ.

ಕಡೆಗೆ ತನ್ನ ಗುಡಿಸಲಿಗೆ ಬಂದ. ಮಲ್ಲಿಗಮ್ಮ ಆ ಬಲ್ಬಿನ ಕೆಳಗೇ ರಾಗಿ ಬೀಸುತ್ತಿದ್ದಳು. ಇವನು ಕಾಗದ ಚಾಚಿದ. ಅವಳು ಎದ್ದು, ಮಸಿಗೆ ಹೆಬ್ಬೆಟ್ಟು ಅದ್ದಿ, ಕಾಗದದ ಮೇಲೆ ಒತ್ತಲಿಲ್ಲ. ಅವನ ಅಂಗಿಯ ಎದೆಗೆ ಒತ್ತಿದಳು. ಒತ್ತಿ ತಿರುವಿದಳು.

“ತಕಂಡೋಗು. ನಿಮ್ಮ ಸಾವ್ಕಾರ್ನಿಗೆ ತೋರ್ಸು.”

ಅದೇ ಅಂಗಿಯಲ್ಲಿ ಪಟ್ಟಣಕ್ಕೆ ಹೋದ, ಬೇರೆ ಇರಲಿಲ್ಲ. ಗಂಗಾಧರಯ್ಯ ಕಾಗದ ನೋಡಿದ, ಅಂಗಿ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಪಾಲಾಕ್ಷನೂ ನಕ್ಕ.

“ಒಂದು ಕಮ್ಮಿ ಐತಲ್ಲೋ. ಇರ್ಲಿ, ನಿಂದೇ ಒತ್ತು. ಹೆಬ್ಬೆಟ್ಟಿಗೆ ಗಂಡು ಹೆಣ್ಣು ಅಂತ ಐತಾ?” ಅಂದ ಗಂಗಾಧರಯ್ಯ.

ಮರಳಿನಲ್ಲಿ ಬೆರಳು ಸವೆಸಿ ಸೈ ಕಲಿತವನು, ಹೊಸ್ತಿಲಾಚೆ ಕುಕ್ಕರಗಾಲಿನಲ್ಲಿ ಕೂತು, ಹೆಂಡತಿಯ ಹೆಸರಿನ ಮುಂದೆ ತನ್ನ ಹೆಬ್ಬೆಟ್ಟು ಒತ್ತಿದ.

ಬಿಲ್ಲು ಪಾಸಾಯಿತು. ತಡವಾದದ್ದಕ್ಕೆ ಬಡ್ಡಿ, ಪಾಲಾಕ್ಷನ ಖರ್ಚು, ಕೊಳೆತ ಕಾಯಿ ಎಂದು ಮುರಿದುಕೊಂಡು ಗಂಗಾಧರಯ್ಯ ಕೊಟ್ಟದ್ದು ನಮ್ಮ ಬಾಕಿ ಕೂಲಿಗೂ ಸಾಲಲಿಲ್ಲ. ಚಲುವಯ್ಯನಿಗೆ ಇಲಾಖೆಯವರು ಮತ್ತೆ ಕೆಲಸ ಕೊಡಲಿಲ್ಲ. ಕೇರಿಯ ಗುಂಡಿಗಳಿಗೆ ಕುರಿ ಬೀಳುತ್ತವೆಂದು ಜನ ಜಗಳಕ್ಕೆ ಬಂದರು. ಮೂರನ್ನೂ ಅವನೊಬ್ಬನೇ ಮುಚ್ಚಿದ. ಮಣ್ಣು ಹೊರಲು ಮಲ್ಲಿಗಮ್ಮ ಬರಲಿಲ್ಲ.