ಖಣಿ ಮೀನಿನ ಸಾರು

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ವಿದ್ಯುತ್ ಘಟಕದಲ್ಲಿ ನಾನು ಲ್ಯಾಬ್ ಕೆಮಿಸ್ಟ್. ಚಿತ್ತಾಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮದು ವೈಷ್ಣವರ ಮನೆ. ಮಧ್ಯಾಹ್ನದ ಊಟ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ; ಅಲ್ಲಿ ಮೀನು ಬೆಂದ ದಿನ ಮೊಸರನ್ನದ ಡಬ್ಬಿ ಹಿಡಿದು ಕಿಟಕಿಯ ಪಕ್ಕ ಕೂರುತ್ತಿದ್ದೆ.

ಆ ಸಲ ಚಿಮಣಿಯ ಹೊಗೆ ಪರೀಕ್ಷೆಗೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಅವನು ಬರುವ ಮುಂಚೆಯೇ ಒಳ್ಳೆಯ ಕಲ್ಲಿದ್ದಲು ತಂದು ಸುರಿದಿದ್ದರು. ಹೊಗೆ ಎಂದೂ ಇಲ್ಲದಷ್ಟು ತೆಳ್ಳಗೆ ಏಳುತ್ತಿತ್ತು. ಮೇಲೆ ಹತ್ತಿ ಅವನು ಧೂಳು ಅಳೆದ, ಅನಿಲ ಅಳೆದ, ಸಲಕರಣೆ ಕಟ್ಟಿಡತೊಡಗಿದ.

"ಪಾದರಸ ಅಳೆಯೂದಿಲ್ಲೇನ್ರಿ?" ಎಂದೆ.

"ಕಲ್ಲಿದ್ದಲಲ್ಲಿ ಇದ್ದೇ ಇರುತ್ತೆ ಮೇಡಂ, ಸುಟ್ಟಾಗ ಹಬೆಯಾಗಿ ಹೋಗುತ್ತೆ. ಅದನ್ನ ಅಳೀರಿ ಅಂತ ಯಾರೂ ಕೇಳಿಲ್ವಲ್ಲ."

ಮಧ್ಯಾಹ್ನ ಮ್ಯಾನೇಜರರ ಜೊತೆ ಅವನು ಊಟಕ್ಕೆ ಕುಳಿತ. ಅಡುಗೆಯ ಹೆಂಗಸು ಮೀನಿನ ಸಾರು ಬಡಿಸಿದಳು. ತುತ್ತು ಎತ್ತಿದವನು, "ಎಲ್ಲಿಯ ಮೀನು?" ಅಂದ.

"ಇಲ್ಲೇ ಹಿಂದಿನ ಖಣೀದ್ರಿ," ಅಂದಳು. ಕಲ್ಲು ತೆಗೆದು ಬಿಟ್ಟ ಆ ಹಳೇ ಗುಂಡಿಯಲ್ಲಿ ನೀರು ನಿಂತು, ನಮ್ಮ ಹೊಗೆಯ ಕೆಳಗೇ ಮೀನು ಬೆಳೆಯುತ್ತಿತ್ತು.

ಅವನು ತುತ್ತು ಕೆಳಗಿಟ್ಟು ಬೆರಳು ಒರೆಸಿಕೊಂಡ. "ಮೊಟ್ಟೆ ಇದ್ರೆ ಕೊಡಿ."

"ಉಪ್ಪು ಭಾಳ ಆಗ್ಯಾದೇನ್ರಿ ಸಾಹೇಬ್ರ?" ಪಾಪ, ಅವಳ ಮುಖ ಬಾಡಿತು. ಅವನು ತಲೆ ಎತ್ತಲಿಲ್ಲ.

ಕೈ ತೊಳೆಯುವಲ್ಲಿ ಅವನನ್ನು ಹಿಡಿದು, ಮೀನು ಯಾಕೆ ಬಿಟ್ಟಿರೆಂದು ಕೇಳಿದೆ. ಮುಚ್ಚುಮರೆಯಿಲ್ಲದೆ ಹೇಳಿದ: "ಪಾದರಸ ನೀರಿಗೆ ಇಳಿದು ಮೀನಿನ ಮೈ ಸೇರುತ್ತೆ. ಗೊತ್ತಿದ್ದೂ ಯಾಕೆ ತಿನ್ಲಿ?"

"ಮತ್ತ ಇದನ್ನ ಮ್ಯಾನೇಜರಿಗೆ ಹೇಳ್ರಿ."

"ನಾನು ಚಿಮಣಿ ನೋಡೋಕೆ ಬಂದವನು ಮೇಡಂ," ಎಂದು ಬಾಯಿ ಮುಕ್ಕಳಿಸಿ ಉಗುಳಿದ. ಒದ್ದೆ ತುಟಿಯಲ್ಲೇ ನಕ್ಕ. ನಾನು ಅಲ್ಲಿಂದ ನೇರ ಅಡುಗೆಮನೆಗೆ ನಡೆದೆ.

ಅಡುಗೆಯವಳು ಉಳಿದ ಸಾರನ್ನು ಡಬ್ಬಿಗೆ ತುಂಬುತ್ತಿದ್ದಳು. "ಮಗಳು ಬಾಣಂತನಕ್ಕ ಬಂದಾಳ್ರಿ ಅಕ್ಕಾ. ಬಸುರಿ ಹುಡುಗಿ, ಮೀನಂದ್ರ ಆಸಿ ಪಡ್ತಾಳ."

ಎಲ್ಲ ಹೇಳಿದೆ. ಹೊಟ್ಟೆಯಲ್ಲಿರುವ ಕೂಸಿಗೇ ಹೆಚ್ಚು ಕೇಡು ಎಂದೂ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

"ಅವನಿಗಿದು ಗೊತ್ತಿತ್ತೇನ್ರಿ? ಗೊತ್ತಿದ್ದೂ ನಾ ಉಪ್ಪಿನ ಮಾತ ಕೇಳಿದ್ರೂ ಸುಮ್ಮ ಕುಂತನೇನ್ರಿ?" ಡಬ್ಬಿ ಎತ್ತಿಕೊಂಡು ಹೋಗಿ ಹಿತ್ತಲಿನ ಬೂದಿಯಲ್ಲಿ ಸುರುವಿ, ಮಣ್ಣು ಎಳೆದಳು.

ಮರುದಿನ ಮ್ಯಾನೇಜರರ ಮುಂದೆ ನಿಂತೆ. ಖಣಿಯ ಮೀನನ್ನು ಹೈದರಾಬಾದಿನ ಲ್ಯಾಬಿಗೆ ಕಳಿಸೋಣ, ಹೊಗೆಯಲ್ಲಿ ಪಾದರಸ ಅಳೆಸೋಣ ಎಂದೆ.

"ಯಾರೂ ಕೇಳಲಾರದ್ದಕ್ಕ ನಾವ್ಯಾಕ ಜವಾಬು ಕೊಡಬೇಕ್ರಿ? ಕುಂದ್ರಿ, ಚಾ ಕುಡೀರಿ."

ಚಹಾ ಮುಟ್ಟಲಿಲ್ಲ. ವಾರದೊಳಗೆ ಖಣಿಯ ಸುತ್ತ ಮುಳ್ಳುತಂತಿ ಬಂತು. ಮೀನು ಕದ್ದವರ ಮೇಲೆ ಕೇಸು ಹಾಕುವುದಾಗಿ ಬೋರ್ಡು ಬಿತ್ತು. ವಿಷದ ಮಾತೇ ಅದರಲ್ಲಿರಲಿಲ್ಲ. ಹೀಗಾಗಿ ಖಣಿಯ ಮೀನು ಒಳ್ಳೆಯದೇ ಇರಬೇಕೆಂದುಕೊಂಡು ಜನ ಕತ್ತಲಾದ ಮೇಲೆ ತಂತಿ ಸರಿಸಿ ಬಲೆ ಬೀಸತೊಡಗಿದರು. ಅಡುಗೆಯವಳು ಓಣಿಯಲ್ಲಿ ಮನೆಮನೆಗೆ ಹೋಗಿ ಬೇಡವೆಂದಳು. ಕೆಲವರು ಕೇಳಿದರು, ಕೆಲವರು ನಕ್ಕರು.

ಮುಂದಿನ ಪರೀಕ್ಷೆಗೆ ಅದೇ ಎಂಜಿನಿಯರ್ ಬಂದ. ಅವನಿಗಾಗಿ ಹೈದರಾಬಾದಿನಿಂದ ಐಸಿನಲ್ಲಿ ಮೀನು ತರಿಸಿದ್ದರು. ಮ್ಯಾನೇಜರರೂ ಅದನ್ನೇ ತಿಂದರು.