ಮುಖ್ಯ ಅತಿಥಿ ಕೂರದ ಗ್ಯಾಲರಿ

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಕುಂಬ್ರದ ಕೊಯ್ದ ಗದ್ದೆಯಲ್ಲಿ ನಾನು ಗೋಲ್ ಕಾಯುತ್ತಿದ್ದಾಗ ಅಡಕೆ ಮರದ ಗ್ಯಾಲರಿ ಮುರಿದು ಮೂವರು ಸತ್ತರು. ನಾನು ಹಿಡಿದ ಪ್ರತಿ ಚೆಂಡಿಗೂ ಶಿಳ್ಳೆ ಹಾಕುತ್ತಿದ್ದವರು. ಪಂದ್ಯ ನಡೆಸಿದ ಸಮಿತಿಯ ಅಧ್ಯಕ್ಷರು, “ಮರ ಗಟ್ಟಿಯೇ ಇತ್ತು, ಜನ ಕುಣಿದದ್ದೇ ತಪ್ಪು” ಎಂದುಬಿಟ್ಟರು. ಗೆದ್ದಲು ತಿಂದು ಲಡ್ಡಾದ, ಕೋಳಿಗೂಡಿಗೂ ಆಗದ ಮರ ಅದು! ತನಿಖೆ ಆಗಬೇಕೆಂದು ನಾನು ಸರ್ಕಾರಕ್ಕೆ ಬರೆದ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ.

ಮರುವರ್ಷ ಸತ್ತವರ ನೆನಪಿಗೆ ಪಂದ್ಯ ಇಟ್ಟು ಅಧ್ಯಕ್ಷರನ್ನೇ ಮುಖ್ಯ ಅತಿಥಿಯಾಗಿ ಕರೆದೆವು. ಹಾರವಿದ್ದರೆ ಅವರು ಎಲ್ಲಿಗೂ ಬರುವವರು. ಬದುವಿನಲ್ಲಿ ಬಿದ್ದಿದ್ದ ಅದೇ ಮರಗಳಿಂದ ಅವರೊಬ್ಬರಿಗೇ ಗ್ಯಾಲರಿ ಕಟ್ಟಿದೆವು. ಮಾವಿನ ತೋರಣ ಬೇರೆ! ನಗು ತಡೆಯಲಾಗದೆ ನನ್ನ ಕೈಯಿಂದ ಹಗ್ಗ ಎರಡು ಸಲ ಜಾರಿತು.

ಅತಿಥಿ ಕೂರದೆ ಚೆಂಡು ಒದೆಯುವ ಪದ್ಧತಿ ನಮ್ಮಲ್ಲಿಲ್ಲ. ಬ್ಯಾಂಡು ಬಾರಿಸಿ ಕರೆತಂದೆವು. ಅಧ್ಯಕ್ಷರು ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಮರ ಕಿರ್ರೆಂದಿತು. ಕಾಲು ತೆಗೆದರು.

“ಹತ್ತಿ ಮಾರಾಯ್ರೆ, ಗಟ್ಟಿ ಉಂಟು. ನಾವು ಯಾರೂ ಕುಣಿಯುದಿಲ್ಲ,” ಎಂದೆ.

“ನಾನು ನಿಂತೇ ನೋಡ್ತೇನೆ. ಸೊಂಟ ನೋವು.”

ಇಡೀ ಗದ್ದೆ ಕೇಕೆ ಹಾಕಿತು. ಒಬ್ಬರು ಟೊಪ್ಪಿ ಹಾರಿಸಿದರು, ಬ್ಯಾಂಡಿನವರು ತಾವಾಗಿಯೇ ಮತ್ತೆ ಬಾರಿಸಿದರು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದು ಗೋಲ್ ಕಂಬದ ಬುಡದಲ್ಲಿ ಕುಕ್ಕರಿಸಿದೆ.

ಸತ್ತವರಲ್ಲೊಬ್ಬನ ತಾಯಿ ನನ್ನ ಹತ್ತಿರ ಬಂದು ನಿಂತರು.

“ನಗುದು ಸಾಕು ಮಗಾ. ಅರ್ಜಿಯಲ್ಲಿ ಬರಿ. ನನ್ನ ಮಗನನ್ನು ಕೂರಿಸಿದ ಮರದಲ್ಲಿ ಇವರು ಕೂರ್ಲಿಲ್ಲ.”