ಸ್ಟ್ರೆಚರ್ ಬಾರದ ಪೆಟ್ಟುಗಳು

"ತಲೆಗೆ ಯಾವತ್ತಾದರೂ ಜೋರಾಗಿ ಪೆಟ್ಟು ಬಿದ್ದಿತ್ತಾ?" ಎಂದು ಕೇಳಿದೆ. "ಇಲ್ಲ ಡಾಕ್ಟರ್," ಎಂದರು ಎದುರಿಗಿದ್ದ ವೃದ್ಧರು. ಲಂಡನ್ನಿನ ನಮ್ಮ ಆಸ್ಪತ್ರೆಗೆ ಮರೆವಿನ ತಪಾಸಣೆಗೆಂದು ಹೆಂಡತಿ ಅವರನ್ನು ಕರೆತಂದಿದ್ದರು. ಫಾರ್ಮಿನಲ್ಲಿ 'ಇಲ್ಲ' ಎಂದು ಗುರುತು ಹಾಕಿ, ಏನು ಕೆಲಸ ಮಾಡುತ್ತಿದ್ದಿರಿ ಎಂದೆ.

ಅವರ ಮುಖ ಅರಳಿತು. ಹದಿನಾಲ್ಕು ವರ್ಷ ಸಂಬಳಕ್ಕೆ 'ಐಸ್ ಹಾಕಿ', ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ ಆಟ, ಆಡಿದವರಂತೆ. ಒಮ್ಮೆ ಡಿಕ್ಕಿ ಹೊಡೆಸಿಕೊಂಡು ಎಚ್ಚರ ತಪ್ಪಿ, ಎದ್ದ ಮೇಲೆ ತಮ್ಮ ತಂಡ ಯಾವುದೆಂದೇ ತಿಳಿಯದೆ ಎದುರಾಳಿಗಳ ಬೆಂಚಿಗೆ ಹೋಗಿ ಕೂತಿದ್ದನ್ನು ನಗುನಗುತ್ತಾ ಹೇಳಿದರು. ಅಂಥವು ಎಷ್ಟೋ ಆಗಿದ್ದವಂತೆ! ನಾನು ಫಾರ್ಮಿನಲ್ಲಿ ಹಾಕಿದ್ದ 'ಇಲ್ಲ'ದ ಗುರುತನ್ನು ಹೊಡೆದುಹಾಕಿದೆ.

"ಮತ್ತೆ ಪೆಟ್ಟೇ ಬಿದ್ದಿಲ್ಲ ಅಂದಿರಲ್ಲ?"

"ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರೆ ಮಾತ್ರ ನಮ್ಮಲ್ಲಿ ಅದು ಪೆಟ್ಟು. ನಾನು ಪ್ರತಿ ಸಲವೂ ಎದ್ದು ಆಡಿದೆ," ಎಂದರು ಹೆಮ್ಮೆಯಿಂದ. ಅವರ ಹೆಂಡತಿ ನೆಲ ನೋಡುತ್ತಿದ್ದರು.

ಹನ್ನೊಂದು ವರ್ಷದ ನನ್ನ ಮಗಳೂ ಐಸ್ ಹಾಕಿ ಆಡುತ್ತಾಳೆ. ಹಿಂದಿನ ಶನಿವಾರವಷ್ಟೇ ತಲೆ ಬಡಿದುಕೊಂಡು ಬಿದ್ದವಳು, "ಐ ಆಮ್ ಫೈನ್, ಅಮ್ಮಾ!" ಎಂದು ಎದ್ದು ಮತ್ತೆ ಆಟಕ್ಕಿಳಿದಿದ್ದಳು. ಆಗ "ಶಾಬಾಸ್ ನನ್ನ ಮಗಳ!" ಎಂದು ಧಾರವಾಡದ ಗಂಟಲಿನಲ್ಲಿ ಕೂಗಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಡಾಕ್ಟರಾದ ನಾನೇ.